ಗೂಳಿ ನಿಲ್ಲುವ ಜಾಗ

ಆರೂವರೆ ಸಾವಿರ ರೂಪಾಯಿ. ಕೇಳಿದ್ದು ಹನ್ನೊಂದು. ವೇಲಚೇರಿಯಲ್ಲಿರುವ ನಮ್ಮ ಕಟ್ಟಡದ ಗೇಟಿನ ಮೇಲೆ ಈಗ ಹೊಳೆಯುತ್ತಿರುವ ಸ್ಟೀಲ್ ಅಕ್ಷರಗಳಿಗೆ, ಅಂಟಿಸುವ ಕೂಲಿಯೂ ಸೇರಿ, ನಾನು ಕೊಟ್ಟದ್ದು ಅಷ್ಟೇ. ಹಳೆಯವು ಪ್ಲಾಸ್ಟಿಕ್ಕಿನವು. ಹೋದ ವರ್ಷದ ಮಳೆಗೆ ಒಂದೊಂದಾಗಿ ಕಳಚಿ ಬಿದ್ದು, ಉಳಿದವು ಮುದುಕನ ಬಾಯಿಯ ಹಲ್ಲುಗಳ ಹಾಗೆ ಕಾಣುತ್ತಿದ್ದವು. ಹೊಸದು ಹಾಕಿಸಲು ಅಸೋಸಿಯೇಷನ್ನಿನವರು ಸಭೆ ಸೇರಿದಾಗ ಎಲ್ಲರ ಕಣ್ಣೂ ನನ್ನ ಮೇಲೆ. "ಸಾರ್, ಪೇರಂ ಪೇಸ ನೀಂಗದಾನ್ ಸರಿ" ಎಂದರು ಅಧ್ಯಕ್ಷರು. ಚೌಕಾಸಿಗೆ ನೀವೇ ಸರಿ ಎಂಬ ಈ ಮಾತನ್ನು ಕೆಲವರು ಬೈಗುಳವೆಂದು ತಿಳಿಯುತ್ತಾರೆ. ನಾನು ಬಿರುದೆಂದು ಸ್ವೀಕರಿಸಿದೆ.

ಹನ್ನೊಂದು ಆರೂವರೆ ಆದದ್ದು ಹೇಗೆ ಎಂದು ನೀವು ಕೇಳುತ್ತೀರಿ, ಕೇಳಬೇಕು. ಅಕ್ಷರ ಮಾಡುವವನು ಗಾಜಿನ ಕೋಣೆಯಲ್ಲಿ ಎ.ಸಿ. ಹಾಕಿಕೊಂಡು ಕೂತಿದ್ದ. ಬೆನ್ನ ಹಿಂದೆ ಮಾದರಿಗಳ ಗೋಡೆ, ಮುಂದೆ ಕ್ಯಾಲ್ಕುಲೇಟರು. ಅಲ್ಲಿ ಅವನು ಮಹಾರಾಜ. ಅಲ್ಲಿ ಬಾಯಿ ತೆರೆದರೆ ನಾವು ಕೆಟ್ಟೆವು. ನಾನು ಹಣೆ ಒತ್ತಿಕೊಂಡು, "ಎ.ಸಿ. ಗಾಳಿಗೆ ತಲೆನೋವು ಬಂತು, ಬನ್ನಿ, ಹೊರಗೆ ಒಂದು ಟೀ ಕುಡಿಯೋಣ" ಎಂದೆ. ರಸ್ತೆಯ ಬದಿ, ಬಿಸಿಲು, ಲಾರಿಗಳ ಸದ್ದು, ಕೈಯಲ್ಲಿ ಸುಡುವ ಗ್ಲಾಸು. ಬಿಸಿ ಗ್ಲಾಸು ಹಿಡಿದವನು ಹೆಚ್ಚು ಹೊತ್ತು ವಾದ ಮಾಡಲಾರ. ಟೀ ಮುಗಿಯುವುದರೊಳಗೆ ನಮ್ಮ ಮಾತೂ ಮುಗಿಯಿತು. ಟೀ ದುಡ್ಡು ಮಾತ್ರ ನೀವೇ ಕೊಡಬೇಕು. ಅಲ್ಲಿ ಜಿಪುಣತನ ಕೂಡದು.

ಇದು ನನ್ನ ಹೊಟ್ಟೆಪಾಡಿನ ವಿದ್ಯೆ. ಮುಚ್ಚುತ್ತಿರುವ ಹೋಟೆಲುಗಳಿಂದ ಗ್ರೈಂಡರು, ಇಡ್ಲಿ ಪಾತ್ರೆ, ಅಮೃತಶಿಲೆಯ ಮೇಜು ಕೊಂಡು ತೆರೆಯುತ್ತಿರುವ ಹೋಟೆಲುಗಳಿಗೆ ಮಾರುವುದು ನನ್ನ ಕಸುಬು. ಮದ್ರಾಸಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಟ್ರಂಕು ಮತ್ತು ಕೋಡಂಬಾಕ್ಕಂನಲ್ಲಿ ಹೋಟೆಲಿಟ್ಟ ಸೋದರಮಾವ. ಟ್ರಂಕು ಹೋಯಿತು, ಮಾವ ಇದ್ದಾರೆ. ಈಗ ಹೇಳಹೊರಟಿರುವುದು ಅವರ ಸಂಗತಿಯೇ, ಆದರೆ ಗೇಟಿನ ಮೇಲಿನ ಹೆಸರನ್ನು ದಾಟಿಯೇ ಅಲ್ಲಿಗೆ ಹೋಗಬೇಕು.

ಹೆಸರು 'ಕೆರೆನ್ಸಿಯಾ'. ಬಿಲ್ಡರು ಯಾವುದೋ ವಿದೇಶಿ ಪತ್ರಿಕೆಯಲ್ಲಿ ನೋಡಿ ಇಟ್ಟದ್ದಂತೆ. ಆಟೋದವರ ಬಾಯಲ್ಲಿ ಅದು 'ಕರೆನ್ಸಿ ಅಪಾರ್ಟ್‌ಮೆಂಟು'. ಆ ಹೆಸರು ಹೇಳಿದರೆ ಮೇಲಿಂದ ಕೆಳಗೆ ನೋಡಿ ಬಾಡಿಗೆ ಹೆಚ್ಚಿಸುತ್ತಾರೆ. ಅದಕ್ಕೆ ನಾನು ಎದುರಿನ ಔಷಧಿ ಅಂಗಡಿಯ ಹೆಸರು ಹೇಳಿ ಇಳಿಯುತ್ತೇನೆ. ಹೊಸ ಅಕ್ಷರ ಅಂಟಿಸುವ ದಿನ ಏಣಿಯ ಕೆಳಗೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದಾಗ ಮೊದಲ ಮಹಡಿಯ ಕಯಲ್ ಸ್ಕೂಟರು ನಿಲ್ಲಿಸಿದಳು. ಮಧುರೈ ಕಡೆಯ ಹುಡುಗಿ. ಇಬ್ಬರು ಗೆಳತಿಯರ ಜೊತೆ ಬಾಡಿಗೆಗಿದ್ದಾಳೆ. ಇಲ್ಲೇ ಹತ್ತಿರದ ಆಫೀಸಿನಲ್ಲಿ ಕೂತು ಸ್ಪೇನಿನ ಗಿರಾಕಿಗಳ ಜೊತೆ ಅವರದೇ ಭಾಷೆಯಲ್ಲಿ ಫೋನಿನಲ್ಲಿ ಮಾತನಾಡುವುದು ಅವಳ ಕೆಲಸ.

"ಅಂಕಲ್, ಇಂದ ಪೇರುಕ್ಕು ಅರ್ಥಂ ತೆರಿಯುಮಾ?"

"ಈ ಹೆಸರಿನ ಅರ್ಥ ಇಟ್ಟವನಿಗೇ ಗೊತ್ತಿಲ್ಲ. ನನಗೆಲ್ಲಿಂದ ಗೊತ್ತಿರಬೇಕು?" ಎಂದೆ, ನನ್ನ ಅರ್ಧ ಬೆಂದ ತಮಿಳಿನಲ್ಲಿ.

ಅವಳು ಹೆಲ್ಮೆಟ್ಟು ತೆಗೆದು ಪಾಠ ಶುರುಮಾಡಿದಳು. (ಅವಳು ಹೇಳಿದ್ದು ತಮಿಳಿನಲ್ಲಿ, ಕನ್ನಡದ ತಪ್ಪು ನನ್ನದು.) ಆ ಸ್ಪ್ಯಾನಿಷ್ ಪದದ ಬೇರಿನಲ್ಲಿ ಇರುವುದು ಬೇಕೆನ್ನುವುದು, ಇಷ್ಟಪಡುವುದು. ಹಳೆಯ ಕಾಲದಲ್ಲಿ ಬರೀ ಪ್ರೀತಿಗೂ ಹಾಗೆನ್ನುತ್ತಿದ್ದರಂತೆ. ಆಮೇಲೆ ದನಕರುಗಳಿಗೆ ಬಂತು: ಎಲ್ಲಿ ಬಿಟ್ಟರೂ ತಿರುಗಿ ತಾನು ಮೇಯ್ದು ಮಲಗಿದ ಜಾಗಕ್ಕೇ ಹೋಗುವ ಚಾಳಿಗೆ ಆ ಹೆಸರು, ಆ ಜಾಗಕ್ಕೂ ಅದೇ ಹೆಸರು. ಕೊನೆಗೆ ಗೂಳಿಕಾಳಗದವರು ಅದನ್ನು ಎತ್ತಿಕೊಂಡರು.

"ಅಖಾಡದಲ್ಲಿ ಗೂಳಿ ಒಂದು ಜಾಗ ಹಿಡಿಯತ್ತೆ ಅಂಕಲ್. ಬಂದ ಬಾಗಿಲ ಹತ್ತಿರ ಇರಬಹುದು, ಒದ್ದೆ ಮರಳಿನ ಮೇಲೆ ಇರಬಹುದು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಏಟು ತಿಂದು ಸುಸ್ತಾದಾಗೆಲ್ಲ ಅಲ್ಲಿ ಹೋಗಿ ನಿಲ್ಲತ್ತೆ, ಮೂಚ್ಚು ವಾಂಗಿಕ್ಕುಂ."

ಮೂಚ್ಚು ಎಂದರೆ ಉಸಿರು. ಅಲ್ಲಿ ನಿಂತು ಅದು ಉಸಿರು ತೆಗೆದುಕೊಳ್ಳುತ್ತದೆ.

"ಅಲ್ಲಿ ನಿಂತಾಗ ಅದರ ಹತ್ತಿರ ಹೋದವನ ಕಥೆ ಮುಗೀತು. ಅದಕ್ಕೆ ಆಟ ಬಲ್ಲವನು ಮೊದಲು ಗೂಳಿಯ ಆ ಜಾಗ ಯಾವುದು ಅಂತ ನೋಡ್ಕೋತಾನೆ. ಆಮೇಲೆ ಬಟ್ಟೆ ಬೀಸಿ ಬೀಸಿ ಅಲ್ಲಿಂದ ಹೊರಗೆ ಎಳೀತಾನೆ."

"ಅರೆರೆ!" ಎಂದೆ. ಏಣಿಯ ಮೇಲಿದ್ದವನು ತನಗೇ ಹೇಳಿದೆನೆಂದು ಕೈ ನಿಲ್ಲಿಸಿದ. ಎ.ಸಿ. ಕೋಣೆಯ ಗೂಳಿಗೆ ಟೀ ಗ್ಲಾಸು ಬೀಸಿ ಬಂದ ನನಗೆ, ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಸ್ಪೇನಿನಲ್ಲಿ ಒಂದು ಹೆಸರಿದೆ ಎಂದು ತಿಳಿದು ಆದ ಸಂತೋಷವನ್ನು ಹೇಗೆ ಹೇಳಲಿ?

ದನದ ಅರ್ಥ ಮಾತ್ರ ನನಗೆ ಹೆಸರಿಲ್ಲದೆಯೂ ಗೊತ್ತಿತ್ತು. ಕುಂದಾಪುರದ ಕಡೆ, ಹೊಳೆಯ ದಂಡೆಯಲ್ಲಿ ನಮ್ಮ ಮನೆ. ನಾನು ಚಿಕ್ಕವನಿದ್ದಾಗ ಅಪ್ಪ ಕೆಂಪಿ ಎಂಬ ದನವನ್ನು ಹೊಳೆಯಾಚೆಯ ಒಬ್ಬರಿಗೆ ಮಾರಿದರು. ದೋಣಿಯಲ್ಲಿ ಕಾಲು ಕಟ್ಟಿ ಸಾಗಿಸಿದ್ದಾಯಿತು. ಮರುದಿನ ಬೆಳಿಗ್ಗೆ ಅಮ್ಮ ಹಟ್ಟಿಯ ಬಾಗಿಲು ತೆರೆದರೆ ಕೆಂಪಿ ಹೊರಗೆ ನಿಂತಿದೆ, ಮೈಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿದೆ, ಕೊಂಬಿಗೆ ಹೊಳೆಯ ಪಾಚಿ. ಕೊಂಡವರು ಬಂದು ಒಯ್ದರು. ಅದು ಮತ್ತೆ ಈಜಿ ಬಂತು. ಅಪ್ಪನಿಗೆ ನಾಚಿಕೆ, ಕೊಟ್ಟ ಮಾತು ಹೋಗುತ್ತದಲ್ಲ. ಅಮ್ಮ ಮಾತ್ರ ಪ್ರತಿ ಸಲವೂ ಏನೂ ಆಗದವಳಂತೆ ಕಲಗಚ್ಚಿನ ಬಾನಿಯನ್ನು ಅದರ ಮುಂದೆ ತಳ್ಳುತ್ತಿದ್ದಳು. ಆ ಕಲಗಚ್ಚಿನ ಹುಳಿ ವಾಸನೆ, ಅದನ್ನು ಹೀರುವ ಸೊರ ಸೊರ ಸದ್ದು, ಒದ್ದೆ ದನದ ಮೈಯ ಬಿಸಿ... ಊರಿನ ನೆನಪು ಎಂದರೆ ನನಗೆ ಇಷ್ಟೇ. ಊರಿನಲ್ಲಿ ಉಳಿದ ಎಲ್ಲಕ್ಕೂ ನಾನು ಒಳ್ಳೆಯ ಬೆಲೆ ತೆಗೆದುಕೊಂಡು ಮಾರಿಯಾಗಿದೆ. ಇದಕ್ಕೆ ಯಾವ ಗಿರಾಕಿಯೂ ಬರಲಿಲ್ಲ.

ಆದರೆ ಕಯಲ್ ಗೂಳಿಯ ಮಾತು ಹೇಳಿದಾಗ ನನ್ನ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಏಕೆಂದರೆ ಆ ಹೊತ್ತಿಗೆ ಮೇಲೆ ನಮ್ಮ ಮನೆಯಲ್ಲಿ ಮಂಜುನಾಥ ಮಾವ ಊಟ ಬಿಟ್ಟು ಮಲಗಿದ್ದರು.

ಮಾವನ ಹೋಟೆಲು ಕೋಡಂಬಾಕ್ಕಂನಲ್ಲಿ ಸ್ಟುಡಿಯೋಗಳ ಬೀದಿಗೆ ಹತ್ತಿರವಿತ್ತು. ಆಗ ಕನ್ನಡದ ಸಿನಿಮಾಗಳೂ ಅಲ್ಲೇ ತಯಾರಾಗುತ್ತಿದ್ದ ಕಾಲ. ಮಧ್ಯಾಹ್ನ ಬಣ್ಣ ಹಚ್ಚಿಕೊಂಡೇ ಊಟಕ್ಕೆ ಬರುತ್ತಿದ್ದರು. ಕಿರೀಟವನ್ನು ಮೇಜಿನ ಮೇಲಿಟ್ಟು ಸಾರನ್ನ ಕಲಸುವ ರಾಜ, ಪಕ್ಕದಲ್ಲಿ ಕೋರೆಹಲ್ಲು ತೆಗೆದು ಲೋಟದಲ್ಲಿ ಹಾಕಿದ ರಾಕ್ಷಸ. "ರಾಕ್ಷಸರಿಗೆ ಇನ್ನೊಂದ್ ಹಪ್ಪಳ ಹಾಕಾ" ಎಂದು ಮಾವ ಗಲ್ಲಾದಿಂದಲೇ ಕೂಗುತ್ತಿದ್ದರು. ತೊಳೆದಷ್ಟೂ ಹೋಗದ ನೀಲಿ ಬಣ್ಣ ಲೋಟಗಳ ಅಂಚಿನಲ್ಲಿ. ಅದು ಯಾವ ದೇವರದೆಂದು ನಾವು ಜಗಳವಾಡುತ್ತಿದ್ದೆವು. ನಾನು ಅಲ್ಲಿ ಬಿಲ್ಲು ಬರೆಯುತ್ತ ಮಾವನಿಂದ ವ್ಯಾಪಾರ ಕಲಿತೆ. ಬಳಿಕ ಸ್ವಂತ ಕಸುಬು ಹಿಡಿದೆ. ಮಾವ ಅಲ್ಲೇ ಉಳಿದರು. ಅತ್ತೆ ತೀರಿಕೊಂಡರು, ಮಕ್ಕಳಿರಲಿಲ್ಲ. ಸ್ಟುಡಿಯೋಗಳು ಮದುವೆ ಹಾಲುಗಳಾದವು. ಎಂಬತ್ತು ದಾಟಿದರೂ ಮಾವ ಗಲ್ಲಾ ಬಿಡಲಿಲ್ಲ.

ಕಡೆಗೆ ಕಟ್ಟಡದ ಮಾಲೀಕರ ಮೊಮ್ಮಕ್ಕಳು ಅದನ್ನು ಕೆಡವಲು ನಿಶ್ಚಯಿಸಿದರು. ಹೋಟೆಲು ಮುಚ್ಚಲೇಬೇಕು, ಬೇರೆ ದಾರಿಯಿಲ್ಲ. ನಮ್ಮ ಮನೆಗೆ ಬನ್ನಿ ಎಂದು ಹೇಳಲು ನಾನು ಹೋದಾಗಲೆಲ್ಲ ಮಾವ ಗಲ್ಲಾದ ಹಿಂದಿನಿಂದ, "ಕಾಪಿ ಕುಡಿ, ಹೋಯ್ ನಿನ್ ಕೆಲ್ಸ ಕಾಣ್" ಎನ್ನುತ್ತಿದ್ದರು. ಆ ಕುರ್ಚಿಯಲ್ಲಿ ಕೂತ ಅವರನ್ನು ಇಡೀ ಮದ್ರಾಸಿನಲ್ಲಿ ಯಾರೂ ಗೆದ್ದಿಲ್ಲ. ಸರಿ, ನಾನು ನನ್ನ ವಿದ್ಯೆ ತೆಗೆದೆ. ಒಂದು ಸಂಜೆ, ಗಾಳಿಗೆ ಹೋಗಿ ಬರೋಣವೆಂದು ಬೆಸೆಂಟ್ ನಗರದ ಬೀಚಿಗೆ ಕರೆದೊಯ್ದೆ. ಬೆಂಚಿನ ಮೇಲೆ, ಕಾಲು ಜೋಡಿಸಿಕೊಂಡು, ಯಾರದೋ ಮದುವೆಗೆ ಬಂದವರಂತೆ ಕೂತರು. ಸಮುದ್ರ ನೋಡಿ ಅವರಿಗೆ ಎಷ್ಟು ವರ್ಷವಾಗಿತ್ತೋ. ನಾನು ಹೇಳಿದ್ದನ್ನೆಲ್ಲ ಕೇಳಿ, ಸುಂಡಲ್ ಕಡಲೆಯ ಪೊಟ್ಟಣ ಅರ್ಧವಿರುವಾಗಲೇ, "ಆಯ್ತ್ ಮಾರಾಯ, ನೀ ಹೇಳ್ದಂಗೆ" ಎಂದರು.

ನನ್ನ ಜೀವನದ ಅತ್ಯುತ್ತಮ ವ್ಯವಹಾರ ಎಂದುಕೊಂಡು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಅವರು ನಮ್ಮ ಮನೆಗೆ ಬಂದ ಮೇಲೆ ನನ್ನ ಹೆಂಡತಿ ಗಿರಿಜಾ ಮಾವನಿಗೆ ಮಾಡಿದ ಉಪಚಾರವನ್ನು ಯಾವ ಅಳಿಯನೂ ಅತ್ತೆ ಮನೆಯಲ್ಲಿ ಕಂಡಿರಲಾರ. ಪಾಪ, ಜೀವಮಾನವೆಲ್ಲ ಊರಿಗೆ ಬಡಿಸಿ ತಾವು ಒಂದು ದಿನವೂ ಕೂತು ಬಿಸಿ ಅನ್ನ ಉಂಡವರಲ್ಲ. ಇನ್ನಾದರೂ ಸುಖವಾಗಿ ಉಣ್ಣಲಿ ಎಂದು ನಮ್ಮಿಬ್ಬರಿಗೂ ಅನಿಸಿತ್ತು. ಹನ್ನೆರಡೂವರೆಗೆಲ್ಲ ಅವರಿಗೊಬ್ಬರಿಗೇ ಮೇಜಿನ ತಲೆಯ ಕಡೆ ಬೆಳ್ಳಿ ತಟ್ಟೆ. ಹಬೆಯಾಡುವ ಅನ್ನ, ಮೇಲೆ ತುಪ್ಪ. ಅವಳು ಒಂದು ಕಡೆ, ನಾನು ಒಂದು ಕಡೆ ನಿಂತು ನೋಡುತ್ತಿದ್ದೆವು. ಮಾವ ಅನ್ನದಲ್ಲಿ ಬೆರಳಿಟ್ಟು ಅಡುಗೆಮನೆಯತ್ತ ನೋಡುತ್ತಿದ್ದರು.

"ನೀವೆಲ್ಲ ಉಂಡ್ರಿಯಾ?"

"ನಮ್ದ್ ಆಮೇಲೆ ಮಾವ. ನೀವ್ ಉಣ್ಣಿ."

"ಹ್ಞೂಂ" ಎಂದು ನಾಲ್ಕು ತುತ್ತು ನುಂಗಿ, ಕೈ ತೊಳೆದುಬಿಡುತ್ತಿದ್ದರು. "ಹಸಿವೆ ಇಲ್ಲ ಮಾರಾಯ್ತಿ. ಅಡ್ಗಿ ಲಾಯ್ಕಿತ್ತ್."

ಬರಬರುತ್ತ ನಾಲ್ಕು ತುತ್ತು ಎರಡಾಯಿತು. ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈಗೆ ಬರತೊಡಗಿತು. ಡಾಕ್ಟರು ರಕ್ತ, ಹೊಟ್ಟೆ, ಗಂಟಲು ಎಲ್ಲ ನೋಡಿ, ರೋಗವೇನೂ ಇಲ್ಲ ಎಂದರು. "ಆದರೆ ಹೀಗೇ ಹೋದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ. ಈ ವಯಸ್ಸಿನಲ್ಲಿ ಅದಾದ ಮೇಲೆ ಎದ್ದು ಓಡಾಡುವವರು ಕಡಿಮೆ" ಎಂದೂ ಹೇಳಿದರು. ನಾನು ಚೌಕಾಸಿಗೆ ಇಳಿದೆ. "ಮಾವ, ಮೂರು ಇಡ್ಲಿ." "ಬ್ಯಾಡ." "ಎರಡು." "ಬ್ಯಾಡ." "ಒಂದಾದರೂ?" "ಅರ್ಧ." ಅರ್ಧವನ್ನೂ ನನ್ನ ಸಂತೋಷಕ್ಕಾಗಿ ತಿನ್ನುತ್ತಿದ್ದರು. ಗಿರಾಕಿಯ ಮುಖ ನೋಡಿ ಮಾರುವವನಿಗೆ ಅದು ತಿಳಿಯದೆ ಇರುತ್ತದೆಯೇ?

ಹಗಲು ಹೊತ್ತು ಮಾವ ಎದ್ದು ಹೋಗಿ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ಅಂದರೆ ವಾಷಿಂಗ್ ಮೆಷಿನ್ ಇಟ್ಟ ಆ ಎರಡಾಳು ಅಗಲದ ಜಾಗದಲ್ಲಿ, ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಗಾಳಿಗೆ ನಿಂತಿದ್ದಾರೆ ಎಂದುಕೊಂಡು ನಾನು ಮುಂದಿನ ಬಾಲ್ಕನಿಗೆ ಬೆತ್ತದ ಕುರ್ಚಿ ತಂದು ಹಾಕಿದೆ. ಅಲ್ಲಿಂದ ರಸ್ತೆ ಕಾಣುತ್ತದೆ, ರೈಲು ಕಾಣುತ್ತದೆ. ಮಾವ ಮರ್ಯಾದೆಗೆ ಸ್ವಲ್ಪ ಹೊತ್ತು ಕೂತು, ನಾವು ಆಚೀಚೆ ಹೋದಾಗ ಮತ್ತೆ ಹಿಂದಕ್ಕೆ ಹೋಗಿ ನಿಲ್ಲುವರು.

ಕಯಲ್ ಆ ಪದ ಹೇಳಿದ ದಿನ ನನಗೆ ಬೆಳಕಾಯಿತು. ಅಯ್ಯೋ, ಗೂಳಿಯನ್ನು ಅದರ ಜಾಗದಿಂದ ಎಳೆದು ತಂದವನು ನಾನೇ ತಾನೆ! ಜಾಗ ಕೊಟ್ಟರೆ ಉಸಿರು ಬರುತ್ತದೆ. ಹೋಟೆಲು ಮುಚ್ಚಿದಾಗ ಅವರ ಗಲ್ಲಾದ ಸಾಗುವಾನಿ ಕುರ್ಚಿಯನ್ನು, ಮೇಜಿನ ಮೇಲಿನ ಗಂಟೆಯನ್ನು ಪೋರೂರಿನ ಒಬ್ಬ ಹೋಟೆಲಿನವನಿಗೆ ನಾನೇ ಮಾರಿದ್ದೆ. ಓಡಿದೆ. ಅವನು ನನ್ನ ಮುಖ ನೋಡಿದ ಕೂಡಲೇ ಬೆಲೆ ದುಪ್ಪಟ್ಟು ಮಾಡಿದ. ಹೊರಗೆ ಟೀಗೆ ಕರೆದೆ. "ಇಲ್ಲಿಗೇ ತರಿಸ್ತೀನಿ ಸಾರ್, ಕೂರಿ" ಎಂದ, ಬಡ್ಡೀಮಗ. ಎಲ್ಲಿ ಕಲಿತನೋ. ಹೇಳಿದಷ್ಟು ಕೊಟ್ಟು ತಂದೆ. ನಿಮಗೆ ಒಂದು ಕಿವಿಮಾತು: ತುಂಬ ಬೇಕಾದದ್ದನ್ನು ಕೊಳ್ಳಲು ನೀವೇ ಹೋಗಬೇಡಿ, ಬೇರೆಯವರನ್ನು ಕಳಿಸಿ.

ಹಾಲಿನ ನಡುವೆ ಸಿಂಹಾಸನ ಸ್ಥಾಪನೆಯಾಯಿತು. ಮಾವ ಕೈಯಾಡಿಸಿ ನೋಡಿದರು, ಕೂತರು, ಗಂಟೆ ಒಂದು ಸಲ ಬಾರಿಸಿದರು.

"ಎಷ್ಟ್ ಕೊಟ್ಟೆ?"

ಹೇಳಿದೆ.

"ಹೆಡ್ಡ" ಎಂದರು. ಅಷ್ಟೇ. ಆ ಮಧ್ಯಾಹ್ನವೂ ಎರಡೇ ತುತ್ತು.

ಹೀಗಿರುವಾಗ ಮಳೆ ಬಂತು. ವೇಲಚೇರಿಯ ಮಳೆಯ ಬಗ್ಗೆ ನಾನು ಬರೆಯಬೇಕಾಗಿಲ್ಲ. ಇಲ್ಲಿ ಮನೆ ಕೊಂಡವರಿಗೆ ಗೊತ್ತಿದೆ, ಕೊಳ್ಳದವರು ನಕ್ಕಾಗಿದೆ. ಬೆಳಿಗ್ಗೆ ಏಳುವಾಗ ಕೆಳಗೆ ಗಾಡಿ ನಿಲ್ಲಿಸುವಲ್ಲಿ ಸ್ಕೂಟರುಗಳ ಸೀಟಿನವರೆಗೆ ನೀರು. ಕರೆಂಟಿಲ್ಲ, ಲಿಫ್ಟಿಲ್ಲ. ವಾಚ್‌ಮನ್ನನ ಸಂಸಾರ ಮೆಟ್ಟಿಲ ಮೇಲೆ ಬಂದು ಕೂತಿತ್ತು. ಪಕ್ಕದ ತಗ್ಗಿನ ಮನೆಯವರೂ ಮಕ್ಕಳು ಮರಿ ಎತ್ತಿಕೊಂಡು ನಮ್ಮ ಕಟ್ಟಡಕ್ಕೆ ಹತ್ತಿದರು. ಕಯಲ್ ಮತ್ತು ಅವಳ ಗೆಳತಿಯರು ಖಾಲಿ ಫ್ಲಾಸ್ಕು ಹಿಡಿದು ನಮ್ಮ ಬಾಗಿಲಲ್ಲಿ.

"ಆಂಟಿ, ಕೊಂಜಂ ಬಿಸಿನೀರು ಸಿಗುತ್ತಾ? ಮನೇಲಿ ಇಂಡಕ್ಷನ್ ಒಲೆ ಮಾತ್ರ ಇರೋದು. ಫೋನಲ್ಲಿ ಊಟ ತರಿಸೋಣ ಅಂದ್ರೆ ಯಾರೂ ಬರಲ್ಲ."

"ಬಿಸಿನೀರ್ ಎಂಥಕೆ? ಅಕ್ಕಿ ಇತ್ತ್, ಗ್ಯಾಸ್ ಇತ್ತ್. ಎಲ್ಲರ್ಗೂ ಒಂದ್ ಸಾರನ್ನ ಮಾಡ್ವ" ಎಂದಳು ಗಿರಿಜಾ. ಗಾಬರಿಯಾದರೆ ಅವಳು ತಮಿಳರ ಹತ್ತಿರವೂ ಕುಂದಾಪುರದಲ್ಲೇ ಮಾತಾಡುವುದು.

ಕೋಣೆಯೊಳಗಿನಿಂದ ಧ್ವನಿ ಬಂತು. "ಎಷ್ಟ್ ಜನ?"

ಮಾವ ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲಿನ ಬೈರಾಸವನ್ನು ಸೊಂಟಕ್ಕೆ ಕಟ್ಟುತ್ತಿದ್ದರು.

ಆಮೇಲೆ ನಮ್ಮ ಅಡುಗೆಮನೆ ನಮ್ಮದಾಗಿ ಉಳಿಯಲಿಲ್ಲ. "ಬೇಳೆ ಇಷ್ಟೇಯಾ? ಹಂಗಾರೆ ಸೀಕುಂಬ್ಳ ಹಾಕ್, ಮಂದ ಆತ್ತ್." "ಗಿರಿಜಾ, ಒಗ್ಗರ್ಣಿ ನಾ ಹೇಳ್ದ ಮೇಲೆ." "ನೀ ಎಂಥ ಕಂಬ ನಿಂತಂಗ್ ನಿಂತ್ಕಂಡಿದ್ದೆ? ನೀರ್ ಇಡ್, ಲೋಟ ಇಡ್!" ಈ ಕೊನೆಯದು ನನಗೆ. ಬಿಲ್ಲು ಬರೆಯುತ್ತಿದ್ದ ಕಾಲದ ಹೆದರಿಕೆ ಬೆನ್ನಲ್ಲಿ ಹರಿದು ನಾನು ಲೋಟಗಳನ್ನು ಇಟ್ಟೆ. ಹಾಲಿನ ಕುರ್ಚಿ ಮೇಜುಗಳನ್ನೆಲ್ಲ, ಆ ದುಬಾರಿ ಸಿಂಹಾಸನವನ್ನೂ, ಬಾಲ್ಕನಿಗೆ ದಬ್ಬಿ ನೆಲದ ಮೇಲೆ ಪಂಕ್ತಿ ಹಾಕಿದೆವು. ಮಾವ ಕೈಯಲ್ಲಿ ಸೌಟು ಹಿಡಿದು ಎರಡು ಸಾಲಿನ ನಡುವೆ ನಡೆದರು, ಬೀಳುತ್ತಾರೇನೋ ಎಂದು ನಾನು ಹಿಂದೆ ಹಿಂದೆ. ಬೀಳಲಿಲ್ಲ.

"ಎನ್ನ ಸಾರ್, ಇನ್ನುಂ ಕೊಂಜಂ ಸಾಂಬಾರ್? ಕೂಚಪ್ಪಡಾದೀಂಗ." ನಾಚಿಕೊಳ್ಳಬೇಡಿ ಎನ್ನುತ್ತಿದ್ದುದು ವಾಚ್‌ಮನ್ನನಿಗೆ.

"ಪೋದುಂ ತಾತಾ" ಎಂದು ಕಯಲ್ ತಟ್ಟೆಗೆ ಕೈ ಅಡ್ಡ ಹಿಡಿದಳು.

"ಕೈ ತೆಗಿಯಮ್ಮಾ, ಸುಟ್ಟೀತ್" ಎಂದು ಕನ್ನಡದಲ್ಲೇ ಗದರಿ ಅನ್ನ ಬಡಿಸಿಬಿಟ್ಟರು. ಅವಳಿಗೆ ಭಾಷೆ ತಿಳಿಯದಿದ್ದರೂ ಕೈ ತೆಗೆದಳು.

ಕೊನೆಯ ಪಂಕ್ತಿಗೆ ನನ್ನನ್ನು ಕೂರಿಸಿದರು. ಗಿರಿಜಾಳನ್ನೂ ರಟ್ಟೆ ಹಿಡಿದು, "ನೀನೂ ಕೂಕೊ. ಬಡ್ಸುಕೆ ನಾ ಇದ್ದೆ" ಎಂದು ಕೂರಿಸಿದರು. ಮಾವ ನಮ್ಮ ಮನೆಗೆ ಬಂದ ಮೇಲೆ ಅವಳು ಅವರಿಗಿಂತ ಮೊದಲು ಉಂಡದ್ದು ಅದೇ ಮೊದಲು. ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು.

ಉಂಡು ಕೈ ತೊಳೆಯಲು ನಾನು ಹಿಂದಕ್ಕೆ ಹೋದೆ. ಯುಟಿಲಿಟಿಯಲ್ಲಿ ಮಾವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ವಾಷಿಂಗ್ ಮೆಷಿನ್ನಿನ ಮುಚ್ಚಳದ ಮೇಲೆ ಅನ್ನದ ಪಾತ್ರೆ, ಸಾಂಬಾರಿನ ಪಾತ್ರೆ. ತಳದ ಸೀದ ಅನ್ನವನ್ನು ಸೌಟಿನಿಂದ ಕೆರೆದು, ಸಾಂಬಾರಿನ ಪಾತ್ರೆಗೇ ಹಾಕಿ ಕಲಸಿ, ದೊಡ್ಡ ದೊಡ್ಡ ತುತ್ತು ಮಾಡಿ ಉಣ್ಣುತ್ತಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಹೊರಗೆ ಮಳೆ ಸುರಿಯುತ್ತಿತ್ತು. ಅದರ ಸದ್ದಿನಲ್ಲೂ ಅವರು ಬೆರಳು ಚೀಪುವುದು ನನಗೆ ಕೇಳಿಸಿತು. ಹಿಂದಿನಿಂದ ಕಯಲ್ ತಟ್ಟೆ ತೊಳೆಯಲು ಬಂದಳು. ಕೈ ಅಡ್ಡ ಹಿಡಿದು ತಡೆದೆ. ಅವಳು ಇಣುಕಿ ನೋಡಿ, ತುದಿಗಾಲಿನಲ್ಲಿ ಹಿಂದೆ ಸರಿದಳು.

ಕೋಡಂಬಾಕ್ಕಂನ ಹಿಂಬಾಗಿಲು ನನ್ನ ಕಣ್ಣ ಮುಂದೆ ಬಂತು. ಅಲ್ಲೂ ಹೀಗೆಯೇ. ಕೊನೆಯ ಗಿರಾಕಿ ಎದ್ದು, ಕೆಲಸದವರೆಲ್ಲ ಉಂಡ ಬಳಿಕ, ರುಬ್ಬುವ ಕಲ್ಲಿನ ಪಕ್ಕ ಗೋಡೆಗೆ ಒರಗಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಮಾವ ನಿಂತೇ ಉಣ್ಣುತ್ತಿದ್ದರು. ಪುರುಸೊತ್ತಿಲ್ಲದೆ ಹಾಗೆ ಮಾಡುತ್ತಾರೆಂದು ನಾನು ಕನಿಕರಪಟ್ಟಿದ್ದೆ. ಗಲ್ಲಾದ ಕುರ್ಚಿ ಅವರ ಜಾಗವೆಂದು ಅದಕ್ಕೆ ದುಪ್ಪಟ್ಟು ದುಡ್ಡು ಕೊಟ್ಟಿದ್ದೆ. ಆದರೆ ಕುರ್ಚಿ ದುಡಿಯುವ ಜಾಗ. ಉಸಿರು ತೆಗೆದುಕೊಳ್ಳುವ ಜಾಗ ಹಿಂಬಾಗಿಲು.

ಮರುದಿನ ನೀರು ಇಳಿಯುತ್ತಿದ್ದಾಗ ಕೇಳಿದೆ. "ಮಾವ, ಬೆಳ್ಳಿ ತಟ್ಟೆಯಲ್ಲಿ ಬಿಸಿಬಿಸಿ ಬಡಿಸಿದರೆ ನಿಮಗೆ ಯಾಕೆ ಸೇರುವುದಿಲ್ಲ?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಪಾತ್ರೆ ತಳದಗೆ ಎಷ್ಟ್ ಇತ್ತ್ ಅಂದೇಳಿ ಗೊತ್ತಿಲ್ದೆ ಅನ್ನಕ್ಕೆ ಕೈ ಹಾಕುಕಾತ್ತಾ ಮಾರಾಯ? ಆಮೇಲೆ ಕೂಕಂಬವ್ರಿಗೆ ಕಮ್ಮಿ ಬಿದ್ರೆ? ತುತ್ತ್ ಗಂಟ್ಲಗೆ ಇಳೂದಿಲ್ಲ."

ಇನ್ನು ಮುಂದೆ ಮಾವನೇ ಬಡಿಸಲಿ, ಕೊನೆಗೆ ಹಿಂದೆ ನಿಂತೇ ಉಣ್ಣಲಿ ಎಂದೆ. ಗಿರಿಜಾ ಮಾತ್ರ ಒಪ್ಪಲಿಲ್ಲ. "ಎಂಬತ್ತ್ ದಾಟಿದ ಮಾವನ್ನ ಹಿಂಬಾಗ್ಲಗೆ ನಿಲ್ಸಿ ಉಳ್ದದ್ ಉಣ್ಸ್ತ್ರ್ ಅಂದ್ರೆ ಜನ ನನ್ ಮುಖಕ್ಕೆ ಉಗೀತ್ರ್. ನಿಮ್ಗ್ ಎಂತ, ನೀವ್ ಅಂಗ್ಡಿಗೆ ಹೋತ್ರಿ."

"ಜನ ಬಂದು ನಳಿಗೆಯಲ್ಲಿ ಊಟ ಹಾಕುತ್ತಾರೇನೇ?" ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬೆಳ್ಳಿ ತಟ್ಟೆಯನ್ನು ಒಳಗಿಟ್ಟಳು.

ಈಗ ನಮ್ಮ ಮನೆಯಲ್ಲಿ ಮಾವ ಬಡಿಸುತ್ತಾರೆ. ನಾನು, ಗಿರಿಜಾ ಕೂತು ಉಣ್ಣುತ್ತೇವೆ. ಭಾನುವಾರ ಕಯಲ್ ಮತ್ತು ಗೆಳತಿಯರೂ ಬರುತ್ತಾರೆ, ಆ ದಿನ ಮಾವ ಬೆಳಿಗ್ಗೆಯೇ ಮುಖ ಕ್ಷೌರ ಮಾಡಿಕೊಳ್ಳುತ್ತಾರೆ. ವಾಷಿಂಗ್ ಮೆಷಿನ್ನು ಬಚ್ಚಲಿಗೆ ಹೋಯಿತು. ಅದರ ಜಾಗದಲ್ಲಿ ಸೊಂಟದೆತ್ತರಕ್ಕೆ ಒಂದು ಕಡಪ ಕಲ್ಲು ಹಾಕಿಸಿದ್ದೇನೆ. ನಾವು ಕೈ ತೊಳೆದು ಹಾಲಿಗೆ ಬಂದು ಟಿ.ವಿ. ಹಾಕಿಕೊಳ್ಳುತ್ತೇವೆ, ಹಿಂದಕ್ಕೆ ತಿರುಗಿ ನೋಡುವುದಿಲ್ಲ. ಮೊನ್ನೆ ಅಲ್ಲಿಂದ ಕೂಗು ಬಂತು: "ಗಿರಿಜಾ, ಸಾರಿಗೆ ಉಪ್ಪ್ ಹಾಕುಕೆ ನಿನ್ ಅಪ್ಪನ್ ಮನೆಯಿಂದ ತರ್ಕಾ?" ಬಂದು ಇಷ್ಟು ತಿಂಗಳಲ್ಲಿ ಅವರು ಅವಳ ಅಡುಗೆಯನ್ನು ಬೈದದ್ದು ಅದೇ ಮೊದಲು. ಅಪ್ಪನ ಮನೆಯ ಸುದ್ದಿಗೆ ಹೋದರೆ ನನ್ನನ್ನು ವಾರಗಟ್ಟಲೆ ಮಾತನಾಡಿಸದ ಗಿರಿಜಾ ಸೋಫಾದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಕೂತಿದ್ದಳು.

ಹಿರಿಯರನ್ನು ಮನೆಗೆ ಕರೆತರುವವರು ಇದ್ದರೆ ನನ್ನದು ಇಷ್ಟು ಸಲಹೆ, ಪುಕ್ಕಟೆ. ಅವರು ಬರುವ ಮೊದಲು ಕುರ್ಚಿ, ಮಂಚ, ಬೆಳ್ಳಿ ತಟ್ಟೆ ಏನೂ ಕೊಳ್ಳಬೇಡಿ. ಮೊದಲು ಕೊಂಡದ್ದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಹಿಂದಕ್ಕೆ ಮಾರಿದರೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಸುಮ್ಮನೆ ಬಿಟ್ಟು, ಅವರಾಗಿ ಎಲ್ಲಿ ಹೋಗಿ ನಿಲ್ಲುತ್ತಾರೆ ನೋಡಿ. ಅಲ್ಲಿ ಏನಾದರೂ ಸಾಮಾನು ಇದ್ದರೆ ಸಾಮಾನನ್ನು ಎತ್ತಿ, ಅವರನ್ನಲ್ಲ. ಉಣ್ಣುವಾಗ ಎದುರು ನಿಂತು ನೋಡಬೇಡಿ. ಅಕ್ಕಿ ಅಳೆಯುವಾಗ ಒಂದು ಹಿಡಿ ಹೆಚ್ಚು ಹಾಕಿ, ಕೊನೆಗೆ ಉಣ್ಣುವವರಿಗೆ ತಳದಲ್ಲಿ ಸಾಕಷ್ಟು ಉಳಿದಿರಬೇಕು. ಅದು ತಮಗಾಗಿ ಬಿಟ್ಟದ್ದು ಎಂದು ಮಾತ್ರ ಅವರಿಗೆ ತಿಳಿಯಗೊಡಬೇಡಿ.